ಹಳೆಯ ಎಂಜಿಬಿಯಲ್ಲಿ ಗಾಲಿ ತಾಗುವುದು, ಬ್ರೇಕ್ ಹಿಡಿದುಕೊಳ್ಳುವುದು: ದೋಷ ಹುಡುಕುವ ಬಗೆ

ಗಾಲಿ ಕಡೆಯಿಂದ ಕರ್ ಕರ್ ಸದ್ದು ಬರುತ್ತಿದೆ ಅಂದರೆ ಹುಬ್ಬಳ್ಳಿಯಲ್ಲಿ ಸಿಗುವ ಮೊದಲ ಸಲಹೆ ಬಹುತೇಕ ಇದೇ: “ಸ್ಪೇಸರ್ ಹಾಕಿಬಿಡೂಣ್ರಿ ಸರ, ಎಲ್ಲಾ ಬರೋಬ್ಬರಿ ಆಗ್ತೈತಿ.” ಸ್ಪೇಸರ್ ಅಂದರೆ ಹಬ್ (ಗಾಲಿ ಕೂರುವ, ತಿರುಗುವ ನಡುಭಾಗ) ಮತ್ತು ಗಾಲಿಯ ನಡುವೆ ಕೂರಿಸುವ ದಪ್ಪ ಬಿಲ್ಲೆ. ಅದು ಗಾಲಿಯನ್ನು ಹೊರಗೆ ತಳ್ಳುತ್ತದೆ. ಒಳಗೆ ತಾಗುತ್ತಿದ್ದದ್ದು ನಿಲ್ಲಬಹುದು. ಆದರೆ ಬೇರಿಂಗ್ ಸಡಿಲವಾಗಿದ್ದರೆ ಅದು ಹಾಗೇ ಉಳಿಯುತ್ತದೆ, ಸದ್ದು ಮಾತ್ರ ಅಡಗುತ್ತದೆ. ಸದ್ದೇ ನಮಗೆ ಇದ್ದ ಎಚ್ಚರಿಕೆ. ಅದನ್ನು ಅಡಗಿಸಿ ಓಡಿಸುವುದು ಅಪಾಯ. ಆದ್ದರಿಂದ ತಾಗುವ ಜಾಗ ಸಿಗುವ ತನಕ ಏನನ್ನೂ ಕೊಳ್ಳಬೇಡಿ, ಏನನ್ನೂ ಗ್ರೈಂಡ್ ಮಾಡಬೇಡಿ.

ಇಲ್ಲಿ ಬರೆದಿರುವುದು ಎಂಜಿಬಿ ಬಗ್ಗೆ. ಇಂಗ್ಲೆಂಡಿನ ಆ್ಯಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಮುಂದೆ ಕಾಯಿಲ್ ಸ್ಪ್ರಿಂಗ್. ಹಿಂದೆ ಇಡೀ ಆಕ್ಸಲ್ ಎರಡು ಕಮಾನ್ ಪಟ್ಟಿಗಳ ಮೇಲೆ ನಿಂತಿರುತ್ತದೆ. ಆ ಕಾಲದ ಬೇರೆ ಬ್ರಿಟಿಷ್ ಕಾರುಗಳಿಗೂ ಹುಡುಕುವ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ.

ಸದ್ದು ಯಾವಾಗ ಬರುತ್ತದೆ?

ಪಾನಾ ಹಿಡಿಯುವ ಮೊದಲು ಗಾಡಿ ಓಡಿಸಿ ಕೇಳಿ. ನವನಗರದ ಒಳರಸ್ತೆಗಳಂಥ ಜಾಗ ಸಾಕು, ಬೈಪಾಸ್‌ಗೆ ಹೋಗಬೇಡಿ. ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆ ಪಕ್ಕದಲ್ಲಿ ನಿಧಾನ ಹೋಗಿ. ಗೋಡೆಗೆ ಬಡಿದು ಬರುವ ಸದ್ದು ಚೆನ್ನಾಗಿ ಕೇಳುತ್ತದೆ.

ಗಾಲಿ ಒಂದು ಸುತ್ತು ತಿರುಗಿದಾಗ ಒಮ್ಮೆ ಟಿಕ್ ಅಂದರೆ ಗಾಲಿಯಲ್ಲಿರುವ ಯಾವುದೋ ಒಂದು ಬಿಂದು ನಿಂತ ಭಾಗಕ್ಕೆ ಬಡಿಯುತ್ತಿದೆ. ಬಿಡದೆ ಉಜ್ಜುವ ಸದ್ದು ಬಂದರೆ ಡಿಸ್ಕ್ ಹಿಂದಿನ ತಗಡೋ, ಡ್ರಮ್ ಅಂಚೋ, ಬಿಡದ ಬ್ರೇಕೋ ನೋಡಬೇಕು. ತಿರುವಿನಲ್ಲಿ ಮಾತ್ರ ಬಂದರೆ ಟೈರು ಬಾಡಿಗೆ ತಾಗುತ್ತಿರಬಹುದು, ಇಲ್ಲವೇ ಬೇರಿಂಗ್ ಸಡಿಲ ಇರಬಹುದು. ಹಂಪ್ ಹಾರಿದಾಗ ಮಾತ್ರ ಬಂದರೆ ಹಿಂದಿನ ಸ್ಪ್ರಿಂಗ್ ಕಡೆ ನೋಡಿ. ಹೊರಟಾಗ ಇಲ್ಲದೆ, ಸ್ವಲ್ಪ ದೂರ ಹೋದ ಮೇಲೆ ಗಾಡಿ ಭಾರವಾಗಿ ಎಳೆಯತೊಡಗಿದರೆ ಅದು ಬ್ರೇಕ್ ಕಥೆ. ಅದಕ್ಕೆ ಗಾಲಿ ಬದಲಿಸಿ ಉಪಯೋಗವೇ ಇಲ್ಲ.

ಗುರುತು ಹುಡುಕುವುದು

ಒಂದಕ್ಕೊಂದು ತಾಗಿದ ಕಡೆ ಗುರುತು ಇದ್ದೇ ಇರುತ್ತದೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಗಾಲಿ ಬಿಚ್ಚಿ ಒಳಮೈಯನ್ನು ಟಾರ್ಚ್ ಹಿಡಿದು ನೋಡಿ. ಹೊಳೆಯುವ ಗೆರೆ, ಬಣ್ಣ ಹೋದ ಜಾಗ, ರಬ್ಬರ್ ಕಪ್ಪು, ಯಾವುದಾದರೂ ಸಿಗುತ್ತದೆ. ರಿಮ್ ಮೇಲೆ ಸುತ್ತಲೂ ಗೆರೆ ಇದ್ದರೆ ತಾಗುತ್ತಿರುವುದು ನಿಂತ ಭಾಗದ ಒಂದು ಮೂಲೆ. ಕ್ಯಾಲಿಪರ್ (ಡಿಸ್ಕನ್ನು ಪ್ಯಾಡ್‌ಗಳಿಂದ ಹಿಡಿಯುವ ಬ್ರೇಕಿನ ಭಾಗ) ಮೇಲೆ ಗಾಯ ಇದ್ದು ರಿಮ್ ಮೇಲೆ ಒಂದೇ ಕಡೆ ಗುರುತಿದ್ದರೆ ರಿಮ್‌ನಲ್ಲಿ ಏನೋ ಎದ್ದು ನಿಂತಿದೆ.

ಈ ಎರಡನೆಯದಕ್ಕೆ ಈಗ ಬಹಳ ಸಲ ಕಾರಣ ಬ್ಯಾಲೆನ್ಸಿಂಗ್ ತೂಕ. ಟೈರ್ ಅಂಗಡಿಯವರು ರಿಮ್ ಒಳಗೆ ಅಂಟಿಸುವ ಸೀಸದ ಬಿಲ್ಲೆ ಹೊಸ ಕಾರುಗಳಿಗೆ ಸರಿ. ಎಂಜಿಬಿಯಲ್ಲಿ ರಿಮ್ಮಿಗೂ ಕ್ಯಾಲಿಪರಿಗೂ ಅಷ್ಟು ಜಾಗ ಇಲ್ಲ. ತೂಕವನ್ನು ರಿಮ್ ಅಂಚಿಗೆ ಹಾಕಿಸಿದರೆ ಮುಗಿಯಿತು.

ಬಾಡಿಗೆ ಟೈರು ತಾಗುವ ಅನುಮಾನ ಇದ್ದರೆ ಮಡ್‌ಗಾರ್ಡ್ ಒಳಅಂಚಿಗೆ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಒಂದು ಸುತ್ತು ಹೋಗಿ ಬನ್ನಿ. ಅಳಿಸಿದ ಜಾಗ ಉತ್ತರ ಹೇಳುತ್ತದೆ.

ಮಣ್ಣು ಮತ್ತು ಖಡಿ

ಇದು ನಮ್ಮ ಕಡೆಯ ಕಾರಣ. ಇಂಗ್ಲಿಷ್ ಕೈಪಿಡಿಗಳನ್ನು ಓದಿ ಹುಡುಕಿದರೆ ಇದು ಹೊಳೆಯುವುದೇ ಇಲ್ಲ. ಮಳೆಗಾಲದಲ್ಲಿ ಅಣ್ಣಿಗೇರಿ, ನವಲಗುಂದ ಕಡೆ ಹೋಗಿ ಬಂದರೆ ಎರೆಮಣ್ಣು ರಿಮ್ ಒಳಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಕಲ್ಲಾಗುತ್ತದೆ. ಗಾಲಿ ನಡುಗುತ್ತದೆ, ಕ್ಯಾಲಿಪರಿಗೆ ಉಜ್ಜುತ್ತದೆ. ವೈರ್ ವೀಲ್‌ನಲ್ಲಿ ಕಡ್ಡಿಗಳ ಸಂದಿಯಲ್ಲಿ ಕೂತ ಮಣ್ಣು ಹೊರಗೆ ಕಾಣುವುದೂ ಇಲ್ಲ. ನೀರು ಹೊಡೆದು, ಮರದ ಚಕ್ಕೆಯಿಂದ ಕೆರೆದು ತೆಗೆಯಿರಿ.

ರಸ್ತೆ ಕೆಲಸ ನಡೆಯುವ ಕಡೆ ಖಡಿ ಹಾರಿ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಿಕ್ಕಿಕೊಳ್ಳುವುದೂ ಇದೆ. ಕೀರಲು ಸದ್ದು ಒಮ್ಮೆಲೇ ಶುರುವಾದರೆ ಇದನ್ನೇ ಮೊದಲು ನೋಡಿ. ತಗಡು ಬಾಗಿದ್ದರೆ ಕೈಯಿಂದಲೇ ಸರಿಪಡಿಸಬಹುದು.

ಮುಂದಿನ ಗಾಲಿ ಅಲುಗುತ್ತಿದ್ದರೆ

ಗಾಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಅಲುಗಾಟ, ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಹೋದರೆ ದೋಷ ಬೇರಿಂಗ್‌ನದು. ಹೋಗದಿದ್ದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಹೊರಳುವ ಗೂಟ) ಅಥವಾ ಅದರ ಬುಶ್ ಸವೆದಿದೆ. ಈ ಒಂದು ಪರೀಕ್ಷೆಯಿಂದ ಎಷ್ಟೋ ಖರ್ಚು ಉಳಿಯುತ್ತದೆ.

ಎಂಜಿಬಿ ಮುಂದಿನ ಹಬ್‌ನಲ್ಲಿ ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆಯಂಥ ಸ್ಪೇಸರ್ ಇರುತ್ತದೆ (ಮೊದಲು ಹೇಳಿದ ಬಿಲ್ಲೆ ಅಲ್ಲ, ಇದು ಬೇರೆ). ಅದರ ಜೊತೆಗೆ ಶಿಮ್‌ಗಳು, ಅಂದರೆ ತೆಳ್ಳಗಿನ ತಗಡಿನ ಬಳೆಗಳು. ನಮ್ಮ ಮೇಸ್ತ್ರಿಗಳಿಗೆ ಹೆಚ್ಚು ರೂಢಿ ಇರುವುದು ಇವು ಇಲ್ಲದ ಹಬ್‌ಗಳು. ನಟ್ ಬಿಗಿ ಮಾಡಿ, ಅಂದಾಜಿಗೆ ಸ್ವಲ್ಪ ಸಡಿಲಿಸಿ ಪಿನ್ ಹಾಕುವುದು ಅವರ ಕೈಗೆ ಬಂದ ಕೆಲಸ. ಹಾಗಾಗಿ ಹಳೆಯ ರಿಪೇರಿಯಲ್ಲಿ ಸ್ಪೇಸರ್, ಶಿಮ್ ಮಾಯವಾಗಿರುವ ಎಂಜಿಬಿಗಳಿವೆ. ಸ್ಪೇಸರ್ ಇದ್ದರೆ ನಟ್ ಅನ್ನು ಪೂರ್ತಿ ಬಿಗಿ ಮಾಡಬೇಕು: 40ರಿಂದ 70 ಪೌಂಡ್-ಅಡಿ, ಪಿನ್ ತೂತು ಸೇರುವ ಕಡೆಗೆ. ಆಮೇಲೆ ಉಳಿಯುವ ಆಟ 0.05ರಿಂದ 0.10 ಮಿ.ಮೀ. ಇರಬೇಕು. ಜಾಸ್ತಿ ಇದ್ದರೆ ಶಿಮ್ ತೆಗೆಯಬೇಕು, ಕಡಿಮೆ ಇದ್ದರೆ ಸೇರಿಸಬೇಕು. ಇದನ್ನು ಕಣ್ಣಳತೆಯಲ್ಲಿ ಮಾಡಲು ಬರುವುದಿಲ್ಲ, ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಬೇಕು. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನ ಲೇಥ್ ಅಂಗಡಿಗಳಲ್ಲಿ ವಿಚಾರಿಸಿ. ಅದೇ ಗೇಜ್ ಇಟ್ಟು ಡಿಸ್ಕ್ ತಿರುಗಿಸಿ ಅದು ಓಲಾಡುತ್ತದೆಯೇ ಅಂತಲೂ ನೋಡಿ. ಓಲಾಟ 0.1 ಮಿ.ಮೀ. ದಾಟಿದರೆ ನನ್ನ ಪ್ರಕಾರ ಬಿಡಬಾರದು. ಡಿಸ್ಕ್ ಕೂರುವ ಮುಖದಲ್ಲಿ ತುಕ್ಕಿನ ಒಂದು ಪದರ ಇದ್ದರೂ ಓಲಾಟ ಬರುತ್ತದೆ. ಆದ್ದರಿಂದ ಡಿಸ್ಕ್ ಬದಲಿಸುವ ಮೊದಲು ಆ ಮುಖ ಸ್ವಚ್ಛ ಮಾಡಿ ಮತ್ತೆ ಅಳೆಯಿರಿ.

ಬೇರಿಂಗ್ ಸಡಿಲ ಇದ್ದಾಗ ಇನ್ನೊಂದು ಲಕ್ಷಣ ಇದೆ. ತಿರುವು ದಾಟಿದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಸರಿ ಇರುತ್ತದೆ. ಅಲುಗುವ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿರುತ್ತದೆ. ಇದನ್ನು ಬ್ರೇಕ್ ಎಣ್ಣೆಗೆ ಗಾಳಿ ಸೇರಿದೆ ಎಂದುಕೊಂಡು ಬ್ಲೀಡ್ ಮಾಡುತ್ತಾ (ಎಣ್ಣೆ ಹರಿಸಿ ಗಾಳಿ ತೆಗೆಯುತ್ತಾ) ಕೂತರೆ ಎಣ್ಣೆ ದಂಡ.

ಕ್ಯಾಲಿಪರಿಗೂ ರಿಮ್ಮಿಗೂ ನಡುವಿನ ಜಾಗ

ಬೇರಿಂಗ್, ಡಿಸ್ಕ್ ಸರಿ ಇದ್ದೂ ತಾಗುತ್ತಿದೆಯಾ? ಹಾಗಾದರೆ ಗಾಲಿ ಅಥವಾ ಕ್ಯಾಲಿಪರ್ ಈ ಕಾರಿನದಲ್ಲ. ನಟ್ಟಿನ ಗಾಲಿ ಇರುವ ಎಂಜಿಬಿಯಲ್ಲಿ ನಾಲ್ಕು ಸ್ಟಡ್ (ಹಬ್‌ನಿಂದ ಹೊರಚಾಚಿದ ಎಳೆಯ ಬೋಲ್ಟ್), ಅವು ಕೂರುವ ವೃತ್ತ 114.3 ಮಿ.ಮೀ. ಜಪಾನಿ ಮೂಲದ ಎಷ್ಟೋ ಕಾರುಗಳಲ್ಲೂ ಇದೇ ಅಳತೆ ಇದೆ. ಹೀಗಾಗಿ ಗುಜರಿಯ ಗಾಲಿ ತಂದರೆ ತೂತಿಗೆ ತೂತು ಸೇರುತ್ತದೆ. ಆದರೆ ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ದೂರ, ಸೇರುವುದಿಲ್ಲ. ಮುಂದಿನ ಗಾಲಿಯಿಂದ ಓಡುವ ಇಂದಿನ ಕಾರುಗಳ ಗಾಲಿಗೆ ಆಫ್‌ಸೆಟ್ ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಎಂಜಿಬಿಗೆ ಬೇಕಾದದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ಆಫ್‌ಸೆಟ್ ಹೆಚ್ಚಾದಷ್ಟೂ ರಿಮ್ ಒಳಗೆ ಸರಿಯುತ್ತದೆ.

ಅಳೆಯುವುದು ಸುಲಭ. ಗಾಲಿಯನ್ನು ಹೊರಮುಖ ಕೆಳಗೆ ಮಾಡಿ ಮಲಗಿಸಿ. ಹಿಂದಿನ ಅಂಚಿನ ಮೇಲೆ ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್‌ಗೆ ಕೂರುವ ಮುಖದ ತನಕ ಅಳೆಯಿರಿ. ಹಳೆಯ ಸರಿಯಾದ ಗಾಲಿಯಲ್ಲೂ ಅಳೆದು ಹೋಲಿಸಿ. ಎಷ್ಟು ಒಳಗೆ ಬಂದಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಕ್ಯಾಲಿಪರ್ ಮೇಲೆ ಮಕ್ಕಳು ಆಡುವ ಬಣ್ಣದ ಕ್ಲೇ ಮೆತ್ತಿ, ಗಾಲಿ ಹಾಕಿ, ನಟ್ ಬಿಗಿದು, ಕೈಯಿಂದ ತಿರುಗಿಸಿ. ಬಿಚ್ಚಿ ನೋಡಿದಾಗ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮ್ಮ ಜಾಗ. ನಾನು 3 ಮಿ.ಮೀ.ಗಿಂತ ಕಡಿಮೆ ಒಪ್ಪುವುದಿಲ್ಲ. ನಿಂತಾಗ ಇರುವ ಜಾಗವೇ ಓಡುವಾಗ ಇರುವುದಿಲ್ಲ. ರಿಮ್ ಸ್ವಲ್ಪ ಬಾಗುತ್ತದೆ, ಬೇರಿಂಗ್‌ನ ಆಟ ಇದೆ, ಮಣ್ಣು ಬರುತ್ತದೆ.

ಜಾಗ ಸಾಲದಿದ್ದರೆ ಕ್ಯಾಲಿಪರ್ ಗ್ರೈಂಡ್ ಮಾಡುವುದು ಬೇಡವೇ ಬೇಡ. ಒಳಗೆ ಎಣ್ಣೆಯ ಒತ್ತಡ ತಡೆದು ನಿಂತಿರುವ ಲೋಹ ಅದು. ನಟ್ಟಿನ ಗಾಲಿಗೆ ತೆಳ್ಳನೆಯ ಸ್ಪೇಸರ್ ಹಾಕಲೇಬೇಕು ಅಂದರೆ ಮೊದಲು ಸ್ಟಡ್ ಉದ್ದ ನೋಡಿ. ಎಂಜಿಬಿ ಸ್ಟಡ್ ಅರ್ಧ ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಎಳೆ), ಇಂಚಿಗೆ 20 ಎಳೆ. ನಟ್ ಕನಿಷ್ಠ 10 ಸುತ್ತು ಹಿಡಿಯಬೇಕು. ಅಷ್ಟು ಹಿಡಿಯದಿದ್ದರೆ ಉದ್ದ ಸ್ಟಡ್ ಹಾಕಿಸಿ, ಇಲ್ಲವೇ ಆ ಗಾಲಿ ಬಿಟ್ಟುಬಿಡಿ. ಬಿಗಿ 60ರಿಂದ 65 ಪೌಂಡ್-ಅಡಿ. ಇಷ್ಟೆಲ್ಲ ಪಾಡು ಪಡುವ ಬದಲು ಸರಿಯಾದ ಆಫ್‌ಸೆಟ್‌ನ ಗಾಲಿ ಹುಡುಕುವುದೇ ಲೇಸು ಅನ್ನುವುದು ನನ್ನ ಅನಿಸಿಕೆ.

ವೈರ್ ವೀಲ್ ಇದ್ದರೆ

ಕಡ್ಡಿ ಗಾಲಿ ನೋಡಲು ಚೆಂದ, ಆದರೆ ಕೇಳುವ ಕಾಳಜಿ ಜಾಸ್ತಿ. ಹಬ್ ಮೇಲಿನ ಹಲ್ಲುಗಳಿಗೆ ಗಾಲಿ ಕೂರುತ್ತದೆ. ಹಿಂದೆ ಒಂದು ಇಳಿಜಾರು ಮುಖ, ಮುಂದೆ ನಟ್ಟಿನ ಇಳಿಜಾರು ಮುಖ. ಇವೆರಡರ ನಡುವೆ ಗಾಲಿ ಬಿಗಿಯುತ್ತದೆ. ಇಲ್ಲಿ ಸ್ಪೇಸರ್ ಹಾಕಿದರೆ ಆ ಹಿಡಿತವೇ ಹೋಗುತ್ತದೆ. ಯಾರು ಹೇಳಿದರೂ ಹಾಕಬೇಡಿ.

ಗಾಡಿ ಹೊರಡುವಾಗ, ಬ್ರೇಕ್ ಹಾಕುವಾಗ ಕಟ್ ಅಂತ ಒಂದು ಸದ್ದು ಬಂದರೆ ಹಲ್ಲು ಸವೆದಿದೆ. ಬೆರಳಿನಿಂದ ಮುಟ್ಟಿ ನೋಡಿ. ಹಲ್ಲಿನ ತುದಿ ಚಪ್ಪಟೆ ಇರಬೇಕು. ಚೂಪಾಗಿ ಕತ್ತಿಯಂತಿದ್ದರೆ ಹಬ್ ಮತ್ತು ಗಾಲಿ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ತಿನ್ನುತ್ತದೆ.

ನಡುವಿನ ದೊಡ್ಡ ನಟ್‌ಗೆ ಎಡಗಡೆ ಸಾಮಾನ್ಯ ಎಳೆ, ಬಲಗಡೆ ಉಲ್ಟಾ ಎಳೆ. ಹಬ್‌ಗಳನ್ನು ಅದಲುಬದಲು ಹಾಕಿದ್ದರೆ ಓಡುತ್ತಾ ಓಡುತ್ತಾ ನಟ್ ಬಿಚ್ಚಿಕೊಳ್ಳುತ್ತದೆ. ಮೊದಮೊದಲ ಹಬ್‌ಗಳಲ್ಲಿ ಇಂಚಿಗೆ 12 ಎಳೆ, ನಂತರದವುಗಳಲ್ಲಿ 8. ಎರಡು ಬಗೆಯ ನಟ್‌ಗಳನ್ನು ಬೆರೆಸಬಾರದು.

ಇನ್ನು ಬಾಡಿಗೆ ತಾಗುವ ವಿಷಯ. ವೈರ್ ವೀಲ್ ಸಮೇತ ತಯಾರಾದ ಕಾರಿನ ಹಿಂದಿನ ಆಕ್ಸಲ್, ನಟ್ಟಿನ ಗಾಲಿಯ ಕಾರಿನ ಆಕ್ಸಲ್‌ಗಿಂತ ಕಿರಿದು. ನಟ್ಟಿನ ಗಾಲಿಯ ಕಾರಿನ ಸ್ಟಡ್‌ಗಳಿಗೆ ಹಲ್ಲಿರುವ ಅಡಾಪ್ಟರ್ ಬಿಗಿದು ಕಡ್ಡಿ ಗಾಲಿ ಹಾಕಿದರೆ ಗಾಲಿ ಹೊರಗೆ ಬರುತ್ತದೆ, ಹಿಂದೆ ಮಡ್‌ಗಾರ್ಡ್‌ಗೆ ತಾಗುತ್ತದೆ. ಅದೂ ಅಲ್ಲದೆ, ಸ್ಟಡ್ ತುದಿ ಉದ್ದ ಉಳಿದಿದ್ದರೆ ಗಾಲಿಯ ಒಳಗೆ ಒತ್ತುತ್ತದೆ, ಗಾಲಿ ಪೂರ್ತಿ ಕೂರುವುದಿಲ್ಲ. ನಟ್ ಎಷ್ಟು ಬಡಿದರೂ ಸಡಿಲಾಗುತ್ತಿದ್ದರೆ ಇದನ್ನು ಪರೀಕ್ಷಿಸಿ.

ಹಿಂದಿನ ಎಡ ಟೈರು

ಎಂಜಿಬಿ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಇದನ್ನು ನೋಡುತ್ತಾರೆ. ಹಿಂದೆ ಎಡಗಡೆ ಟೈರಿಗೂ ಮಡ್‌ಗಾರ್ಡ್ ಅಂಚಿಗೂ ಇರುವ ಜಾಗ ಬಲಗಡೆಗಿಂತ ಕಡಿಮೆ ಇರುವುದು ಈ ಕಾರಿನಲ್ಲಿ ಮಾಮೂಲು. ಕಾರ್ಖಾನೆಯಿಂದಲೇ ಹಾಗೆ ಬಂದ ಗಾಡಿಗಳಿವೆ. ಅದರ ಮೇಲೆ ಅಗಲ ಟೈರು ಮತ್ತು ಸವೆದ ಬುಶ್ ಸೇರಿದರೆ ಉಜ್ಜಾಟ ಶುರು.

ಎಡಕ್ಕೆ ತಿರುಗುವಾಗ ಇದು ಹೆಚ್ಚು ಕೇಳುತ್ತದೆ. ಬಾಡಿ ಬಲಕ್ಕೆ ತೂಗುತ್ತದೆ. ಆಕ್ಸಲ್ ರಸ್ತೆಯನ್ನು ಹಿಡಿದು ಅಲ್ಲೇ ಇರುತ್ತದೆ. ಎಡ ಮಡ್‌ಗಾರ್ಡ್ ಬಾಡಿಯ ಜೊತೆ ಬಲಕ್ಕೆ ಬಂದು ಎಡ ಟೈರಿಗೆ ಮುಟ್ಟುತ್ತದೆ. ಕಮಾನ್ ಪಟ್ಟಿ ಬಿಟ್ಟರೆ ಆಕ್ಸಲ್ ಅನ್ನು ಅಡ್ಡಡ್ಡ ಹಿಡಿಯುವ ಬೇರೆ ಕಂಬಿ ಈ ಕಾರಿನಲ್ಲಿ ಇಲ್ಲ. ಆದ್ದರಿಂದ ಬುಶ್ ಸತ್ತರೆ ಆಕ್ಸಲ್ ತನಗೆ ಬೇಕಾದಂತೆ ಓಡಾಡುತ್ತದೆ.

ಟೈರಿನ ಲೆಕ್ಕ ಮೊದಲು. ಕಂಪನಿ ಹಾಕಿದ ರೇಡಿಯಲ್ ಟೈರು ಹೆಚ್ಚಾಗಿ 14 ಇಂಚಿನ ಗಾಲಿಗೆ 155 ಅಥವಾ 165 ಮಿ.ಮೀ. ಅಗಲದ್ದು. 165/80 ಆರ್ 14 ಈಗಲೂ ನಮ್ಮೂರ ಟೈರ್ ಅಂಗಡಿಗಳಲ್ಲಿ ಸಿಗುವ ಅಳತೆ. ಬಹಳ ಜನ 185/70 ಆರ್ 14 ಹಾಕಿಸುತ್ತಾರೆ. ಎತ್ತರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ: ಮೊದಲನೆಯದು ಸುಮಾರು 620 ಮಿ.ಮೀ., ಎರಡನೆಯದು 615. ಅದಕ್ಕೇ “ಏನೂ ಆಗಂಗಿಲ್ಲ ತಗೋರಿ” ಅನ್ನುತ್ತಾರೆ. ಆದರೆ ಅಗಲ 20 ಮಿ.ಮೀ. ಹೆಚ್ಚು, ಅಂದರೆ ಪ್ರತಿ ಬದಿಗೆ 10. ಎಡಗಡೆ ಇದ್ದ ಜಾಗವೇ ಅಷ್ಟಾಗಿದ್ದರೆ? ರಿಮ್ ಅನ್ನೂ ಅಗಲ ಮಾಡಿದರೆ ಇನ್ನೂ ಕಷ್ಟ. ನಾಲ್ಕೂವರೆ ಇಂಚಿನ ರಿಮ್ ಬದಲು ಅದೇ ಆಫ್‌ಸೆಟ್‌ನ ಐದೂವರೆ ಇಂಚಿನದು ಹಾಕಿದರೆ ಅಂಚು ಪ್ರತಿ ಬದಿಗೆ 12.7 ಮಿ.ಮೀ. ಸರಿಯುತ್ತದೆ. ನನ್ನ ಮಾತು ಕೇಳುವುದಾದರೆ ಈ ಕಾರಿಗೆ 165 ಸಾಕು. ಸ್ಟೀರಿಂಗ್ ಹಗುರ ಇರುತ್ತದೆ, ಉಜ್ಜುವ ಚಿಂತೆಯೂ ಇರುವುದಿಲ್ಲ. ಕಡ್ಡಿ ಗಾಲಿಗೆ ಒಳಗೆ ಟ್ಯೂಬ್ ಹಾಕಿಸುವುದು ಮರೆಯಬೇಡಿ, ಕಡ್ಡಿ ಕೂತ ತೂತುಗಳಿಂದ ಗಾಳಿ ಹೋಗುತ್ತದೆ.

ಟೈರು ಸರಿ ಇದೆ ಅಂದರೆ ಅಳತೆಗೆ ಬನ್ನಿ. ಗಾಡಿ ನಾಲ್ಕೂ ಗಾಲಿ ಮೇಲೆ ನಿಂತಿರಲಿ. ಟೈರಿನ ಹೊರಗೋಡೆಯಿಂದ ಮಡ್‌ಗಾರ್ಡ್ ಅಂಚಿಗೆ ಎಡಬಲ ಎರಡೂ ಕಡೆ ಅಳೆಯಿರಿ. ಎರಡರ ವ್ಯತ್ಯಾಸ 6 ಮಿ.ಮೀ. ಇದ್ದರೆ ಆಕ್ಸಲ್ 3 ಮಿ.ಮೀ. ಸರಿದಿದೆ ಎಂದರ್ಥ. ಹಬ್ ನಡುವಿನಿಂದ ಮೇಲಿನ ಅಂಚಿಗೂ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ಆ ಕಡೆಯ ಕಮಾನ್ ಪಟ್ಟಿ ಕುಸಿದಿದೆ. ಆಮೇಲೆ ಕೆಳಗೆ ಹೋಗಿ ಪಟ್ಟಿಯ ಮುಂದಿನ ಕಣ್ಣಿನ ಬುಶ್, ಹಿಂದಿನ ಶ್ಯಾಕಲ್‌ನ (ಪಟ್ಟಿಯ ತುದಿಯನ್ನು ಬಾಡಿಗೆ ಜೋಡಿಸುವ ತೂಗುಕೊಂಡಿ) ರಬ್ಬರ್‌ಗಳು, ಆಕ್ಸಲ್ ಅನ್ನು ಪಟ್ಟಿಗೆ ಕಟ್ಟುವ ಯು ಬೋಲ್ಟ್‌ಗಳ ಬಿಗಿ, ಮೇಲೆ ಆಕ್ಸಲ್ ಬಡಿಯದಂತೆ ತಡೆಯುವ ಬಂಪ್ ರಬ್ಬರ್ ನೋಡಿ. ಬಂಪ್ ರಬ್ಬರ್ ಇಲ್ಲದ ಗಾಡಿ ಹಂಪ್‌ನಲ್ಲಿ ಟೈರನ್ನು ನೇರ ಬಾಡಿಗೆ ಹೊಡೆಸುತ್ತದೆ.

ಬುಶ್ ಬದಲಿಸುವಾಗ ಒಂದು ಕ್ರಮ ತಪ್ಪಬಾರದು. ಬೋಲ್ಟ್‌ಗಳನ್ನು ಗಾಡಿ ಎತ್ತಿದ್ದಾಗ ಬಿಗಿ ಮಾಡಬೇಡಿ. ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕೆ ಇಳಿಸಿ, ಹಿಂದೆ ಒತ್ತಿ ಕುಪ್ಪಳಿಸಿ, ಭಾರ ಬಿದ್ದ ಮೇಲೆ ಪೂರ್ತಿ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಕುಸಿದ ಪಟ್ಟಿಗೆ ಲಾರಿ ಕಮಾನ್ ಕೆಲಸದವರು ಒಂದು ಎಲೆ ಸೇರಿಸಿ ಕೊಡಬಲ್ಲರು. ಬೆಂಕಿಗೆ ಹಿಡಿದು ಬಾಗಿಸಲು ಮಾತ್ರ ಬಿಡಬೇಡಿ, ಉಕ್ಕಿನ ಹದ ಕೆಡುತ್ತದೆ. ಮಾಡಿಸುವುದಾದರೆ ಎರಡೂ ಪಟ್ಟಿ ಒಟ್ಟಿಗೆ.

ಇಷ್ಟಾದರೂ ಒಂದೆರಡು ಮಿ.ಮೀ. ಸಾಲದಿದ್ದರೆ ಮಾತ್ರ ಮಡ್‌ಗಾರ್ಡ್ ಒಳಅಂಚನ್ನು ಮಡಚುವ ಯೋಚನೆ ಮಾಡಿ. ಆ ಅಂಚಿನಲ್ಲೇ ಒಳತಗಡು ಹೊರತಗಡು ಬೆಸೆದಿವೆ. ಜೋರಾಗಿ ಬಡಿದರೆ ಬೆಸುಗೆ ಬಿಟ್ಟು ನೀರು, ಮಣ್ಣು ಸೇರಿ ತುಕ್ಕು ಹಿಡಿಯುತ್ತದೆ. ನಿಧಾನವಾಗಿ ಮಡಚಿ, ಅದೇ ದಿನ ಪ್ರೈಮರ್ ಮತ್ತು ಸೀಲರ್ ಹಾಕಿಸಿ.

ಬ್ರೇಕ್ ಬಿಡುತ್ತಿಲ್ಲ

ಮುಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿದಾಗ ಪ್ಯಾಡ್ ಸಣ್ಣಗೆ ಉಜ್ಜುವ ಸದ್ದು ಬಂದರೆ ಗಾಬರಿ ಬೇಡ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ದೂರ ಸರಿಯುವುದೇ ಇಲ್ಲ. ಗಾಲಿ ತಿರುಗಿಸಲು ಜೋರು ಮಾಡಬೇಕಾದರೆ ದೋಷ.

ಪೆಡಲ್ ಒತ್ತಿ ಬಿಟ್ಟ ಮೇಲೆ ಗಾಲಿ ಬಿಗಿಯಾಗಿಯೇ ಇದ್ದರೆ ಆ ಗಾಲಿಯ ಬ್ಲೀಡ್ ನಿಪ್ಪಲ್ (ಎಣ್ಣೆ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ತೆರೆಯಿರಿ. ಎಣ್ಣೆ ಚಿಮ್ಮಿ ಗಾಲಿ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಚಿಮ್ಮದೆ, ಗಾಲಿಯೂ ಬಿಡದಿದ್ದರೆ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಕೂತಿದೆ. ಒತ್ತಡ ಸಿಕ್ಕಿಕೊಂಡಿದ್ದರೆ ಮತ್ತೆ ಪೆಡಲ್ ಒತ್ತಿ ಬಿಡಿ, ಈ ಸಲ ರಬ್ಬರ್ ಪೈಪ್‌ನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಕಡೆಯ ಜೋಡಣೆ ಸಡಿಲಿಸಿ. ಅಲ್ಲಿ ಸಡಿಲಿಸಿದಾಗ ಗಾಲಿ ಬಿಟ್ಟರೆ ದೋಷ ಮೇಲೆ, ಮಾಸ್ಟರ್ ಸಿಲಿಂಡರ್‌ನಲ್ಲಿ. ಬಿಡದಿದ್ದರೆ ರಬ್ಬರ್ ಪೈಪ್ ಒಳಗಿನಿಂದ ಊದಿ ಮುಚ್ಚಿದೆ. ಹೊರಗೆ ನೋಡಲು ಆ ಪೈಪ್ ಹೊಸದರಂತೆ ಇರಬಹುದು. ಕಾಲಿನ ಬಲಕ್ಕೆ ಎಣ್ಣೆ ಒಳಗೆ ಹೋಗುತ್ತದೆ, ವಾಪಸ್ ಬರಲು ಬಲ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಪೈಪ್ ವಯಸ್ಸು ಗೊತ್ತಿಲ್ಲದಿದ್ದರೆ ಮೂರನ್ನೂ ಬದಲಿಸಿ: ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು.

ಮಾಸ್ಟರ್ ಸಿಲಿಂಡರ್ ಬಿಚ್ಚುವ ಮೊದಲು ಪೆಡಲ್ ಆಟ ನೋಡಿ. ಒತ್ತಡ ಹತ್ತುವ ಮುನ್ನ ಪೆಡಲ್ ಕನಿಷ್ಠ 3 ಮಿ.ಮೀ. ಸುಮ್ನೆ ಹೋಗಬೇಕು. ಆ ಆಟ ಇಲ್ಲದಿದ್ದರೆ ಎಣ್ಣೆ ಹಿಂದಿರುಗುವ ಸಣ್ಣ ತೂತು ಮುಚ್ಚೇ ಇರುತ್ತದೆ. ಬಿಸಿಯಾದಂತೆ ಎಣ್ಣೆ ಹಿಗ್ಗಿ ನಾಲ್ಕೂ ಗಾಲಿ ಹಿಡಿದುಕೊಳ್ಳುತ್ತವೆ. ಪಿಸ್ಟನ್ ಸೀಲ್ ಬದಲಿಸುವಾಗ ಕ್ಯಾಲಿಪರ್‌ನ ಎರಡು ಹೋಳುಗಳನ್ನು ಬೇರೆ ಮಾಡಬೇಡಿ, ಹಾಗೇ ಮಾಡಲು ಬರುತ್ತದೆ. ಎಂಜಿನ್ ಆಯಿಲ್, ಪೆಟ್ರೋಲ್ ಸೀಲ್‌ಗೆ ಸೋಕಿದರೆ ರಬ್ಬರ್ ಉಬ್ಬುತ್ತದೆ. ತೊಳೆಯಲು ಬ್ರೇಕ್ ಎಣ್ಣೆಯೇ ಇರಲಿ.

ಹಿಂದೆ ಹಿಡಿಯುತ್ತಿದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ ಶುರುಮಾಡಿ. ಡ್ರಮ್ ಹಿಂದಿನ ತಟ್ಟೆಯಲ್ಲಿ ಚೌಕ ತಲೆಯ ಅಡ್ಜಸ್ಟರ್ ಇದೆ. ಗಡಿಯಾರದ ದಿಕ್ಕಿಗೆ ತಿರುಗಿಸಿ ಗಾಲಿ ನಿಲ್ಲುವ ತನಕ ಬಿಗಿ ಮಾಡಿ, ಆಮೇಲೆ ಗಾಲಿ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದೆ ಬಿಡಿ. ಕೇಬಲ್ ಎಳೆಯುವುದು ಇದಾದ ಮೇಲೆ. ಸವೆದ ಲೈನರ್ (ಡ್ರಮ್ಮಿಗೆ ಉಜ್ಜಿ ನಿಲ್ಲಿಸುವ ಪದರ) ಅನ್ನು ಕೇಬಲ್ ಬಿಗಿದು ಸರಿದೂಗಿಸಲು ಹೋದರೆ ಒಂದು ಗಾಲಿ ಸದಾ ಅರ್ಧ ಹಿಡಿದೇ ಇರುತ್ತದೆ. ಡ್ರಮ್ ಬಿಚ್ಚಿದಾಗ ಪುಡಿಯನ್ನು ಊದಬೇಡಿ, ಗಾಳಿ ಪೈಪ್ ಹಿಡಿಯಬೇಡಿ. ಹಳೆಯ ಲೈನರ್‌ನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿಬಿಡಿ.

ಓಡಿಸಿ ನೋಡುವುದು

ಕೆಲಸ ಮುಗಿದ ಮೇಲೆ ಗಾಡಿ ಹೊರಡಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಪ್ಯಾಡ್ ಹಿಂದೆ ಸರಿದಿರುತ್ತವೆ, ಮೊದಲ ಒತ್ತು ನೆಲಕ್ಕೇ ಹೋಗಬಹುದು. ನಾಲ್ಕೈದು ಕಿಲೋಮೀಟರ್ ಹೋಗಿ, ಕೊನೆಯಲ್ಲಿ ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಿ. ಅಂಗೈಯ ಹಿಂಬದಿಯನ್ನು ಪ್ರತಿ ಗಾಲಿಯ ಹತ್ತಿರ ಹಿಡಿದು ಶಾಖ ಹೋಲಿಸಿ. ಡಿಸ್ಕ್ ಮುಟ್ಟಬೇಡಿ. ಹಿಂದಿನದಕ್ಕಿಂತ ಮುಂದಿನದು ಬಿಸಿ ಇರುವುದು ಸಹಜ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಬಿಸಿ ಇರುವ ಕಡೆಯ ಬ್ರೇಕ್ ಇನ್ನೂ ಹಿಡಿಯುತ್ತಿದೆ, ನಿಪ್ಪಲ್ ಪರೀಕ್ಷೆಗೆ ಮರಳಿ. ಆಮೇಲೆ ಗಾಲಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಕಡ್ಡಿ ಗಾಲಿಯ ನಡುವಿನ ನಟ್ ಹೊಸದಾಗಿ ಕೂತಾಗ ಸ್ವಲ್ಪ ಸಡಿಲಾಗುತ್ತದೆ. ಮಾರನೆಯ ದಿನವೂ ತಾಮ್ರದ ಸುತ್ತಿಗೆಯಿಂದ ಒಂದೆರಡು ಏಟು ಹಾಕಿ ಪರೀಕ್ಷಿಸಿ.